ಒಂಬತ್ತು ದಿನದ ಪಥ್ಯ

ಚಿಂತಾಮಣಿ
೬ ಅಕ್ಟೋಬರ್ ೨೦೨೪

ಪದ್ಮಾ,

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಐವತ್ತೆಂಟು ವರ್ಷಕ್ಕೆ ಸುಳ್ಳು ಬರೆಯುವುದು ಯಾಕೆ ಅಂತ ಅದನ್ನು ಬಿಟ್ಟಿದ್ದೇನೆ. ನೀನು ಹೋಗಿ ಹದಿನಾರು ದಿನ ಆಯಿತು. ಫೋನ್ ಎತ್ತುವುದಿಲ್ಲ. ಅಳಿಯಂದಿರು ಎತ್ತಿ "ಮಲಗಿದ್ದಾಳೆ ಅತ್ತೆ" ಅನ್ನುತ್ತಾರೆ. ಬೆಳಿಗ್ಗೆ ಹತ್ತಕ್ಕೂ ಮಲಗಿದ್ದಾಳೆ, ಮಧ್ಯಾಹ್ನ ಮೂರಕ್ಕೂ ಮಲಗಿದ್ದಾಳೆ. ಆಸ್ಪತ್ರೆಯ ಯಾರೋ ಮೇಡಂ "ಮಾತಾಡೋಕೆ ಆಗ್ದಿದ್ರೆ ಕಾಗದ ಬರೀರಿ" ಅಂದರಂತೆ. ಸರಿ, ಹೆತ್ತ ಮಗಳಿಗೆ ಅರ್ಜಿ ಹಾಕಿಕೊಳ್ಳುವ ಕಾಲವೂ ಬಂತು.

ಹೋದ ಭಾನುವಾರ ಅಳಿಯಂದಿರ ಕೈಯಲ್ಲಿ ಬಾಣಂತಿ ಖಾರದ ಪುಡಿ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಎರಡು ಸೇರು ಹಳೇ ಅಕ್ಕಿ ಕಳಿಸಿದ್ದೆ. ಡಬ್ಬಕ್ಕೆ ಕಟ್ಟಿದ ದಾರ ಕೂಡ ಬಿಚ್ಚದೆ ವಾಪಸು ಕಳಿಸಿದೆಯಲ್ಲ, ನಾನು ಮಾಡಿದ ತಪ್ಪಾದರೂ ಏನು? ಈ ಬೀದಿಯಲ್ಲಿ ಮೂವತ್ತು ವರ್ಷದಿಂದ ನಾನು ಬಾಣಂತನ ಮಾಡದ ಮನೆ ಯಾವುದು ಹೇಳು. ನಿನಗೆ ಎಂಟು ತಿಂಗಳಿಗೇ ನೋವು ಬಂತು, ಮಗು ಹೊಟ್ಟೆಯಲ್ಲೇ ಹೋಗಿತ್ತು. ದೇವರು ಕಿತ್ತುಕೊಂಡ. ಹಾಗಂತ ಬಾಣಂತನ ಬಿಡುವುದಕ್ಕೆ ಆಗುತ್ತದೆಯೇ? ಹೆತ್ತ ಮೈ ಹೆತ್ತ ಮೈಯೇ. ನಲವತ್ತು ದಿನ ಒಂದು ಹೊತ್ತೂ ತಪ್ಪಿಸದೆ ಎಣ್ಣೆ ತಿಕ್ಕಿ ನೀರು ಹಾಕಿದೆ, ಸಾಂಬ್ರಾಣಿ ಹೊಗೆ ಕೊಟ್ಟೆ, ಪಥ್ಯ ನೋಡಿದೆ.

ನಲವತ್ತನೇ ದಿನ ಮಟಮಟ ಮಧ್ಯಾಹ್ನ ನೀನು ಎದ್ದು ಹೋಗಿ ಹಿತ್ತಲ ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತೆ. ಅದರಲ್ಲಿ ನೀರು ಬತ್ತಿ ಹತ್ತು ವರ್ಷ ಆಯಿತು. ಸೆಕೆಗೆ ಗಾಳಿಗೆ ಕೂತಿದ್ದಾಳೆ ಅಂತ ನಾನು ಎಲ್ಲರಿಗೂ ಹೇಳಿದೆ. ಅಳಿಯಂದಿರು ನನ್ನ ಮಾತಿಗೆ ಬೆಲೆ ಕೊಡದೆ ಅವತ್ತೇ ನಿನ್ನನ್ನು ಗೌರಿಬಿದನೂರಿಗೆ ಕರೆದುಕೊಂಡು ಹೊರಟರು. ಬೀದಿಯವರು ಕೇಳಿದರೆ ನಾನು ಏನು ಹೇಳಲಿ?

ಮೊನ್ನೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟೆವು. ನಿಮ್ಮಪ್ಪ ಐದು ಎಲೆ ಹಾಕುವ ಕಡೆ ಆರು ಹಾಕಿದರು. "ಒಂದು ಜಾಸ್ತಿ ಆಯ್ತು ನೋಡ್ರಿ" ಅಂದೆ. "ಇರ್ಲಿ ಬಿಡು" ಅಂದು ಅದಕ್ಕೆ ಬರೀ ಹಾಲನ್ನ ಬಡಿಸಿದರು.

ನಿನ್ನ ಅತ್ತಿಗೆ ತನುಜಾಗೆ ಏಳನೇ ತಿಂಗಳು. ತಾಯಿಯಿಲ್ಲದ ಹುಡುಗಿ, ಅವಳ ಬಾಣಂತನವೂ ನನ್ನದೇ. ಒಂದು ಸಾಲು ಬರಿ. ಉಂಡೆ ಅಂತ ಬರಿ, ಸಾಕು.

ನಿನ್ನ ಅಮ್ಮ
ವೆಂಕಟರತ್ನಮ್ಮ


ಗೌರಿಬಿದನೂರು
೨೧ ಅಕ್ಟೋಬರ್ ೨೦೨೪

ಅಮ್ಮ,

ಉಂಡೆ ಅಂತ ಬರೆಯಲು ಆಗುವುದಿಲ್ಲ. ಉಂಡಿಲ್ಲ.

ಈ ಕಾಗದ ಬರೆಯಲು ಎಂಟು ದಿನ ಹಿಡಿದಿದೆ. ಮೂರನೇ ಕ್ಲಾಸಿನ ಮಕ್ಕಳಿಗೆ ಕಾಪಿ ಬರೆಸುತ್ತಿದ್ದ ಕೈ ಇದು, ಈಗ ಎರಡು ಸಾಲಿಗೇ ಸೋಲುತ್ತದೆ. ಅಕ್ಷರ ನೋಡಿ ಗಾಬರಿಯಾಗಬೇಡ. ನನ್ನ ತೂಕ ಮೂವತ್ತೊಂಬತ್ತು ಕೆಜಿ. ರಕ್ತ ಆರೂವರೆ ಇದೆ, ಹನ್ನೆರಡು ಇರಬೇಕಂತೆ. ಇನ್ನೂ ಏನೇನೋ ಕಡಿಮೆ ಅಂತ ಚೀಟಿ ತುಂಬ ಗುರುತು ಹಾಕಿದ್ದಾರೆ. ನಿದ್ದೆಗೊಂದು ಮಾತ್ರೆ, ಮನಸ್ಸಿಗೊಂದು ಮಾತ್ರೆ, ಡ್ರಿಪ್ಪಿನಲ್ಲಿ ಕಬ್ಬಿಣದ ಔಷಧಿ. ಆದರೆ ಊಟ ಒಳಗೆ ಹೋಗದಿದ್ದರೆ ಮಾತ್ರೆ ಒಂದೇ ಏನು ಮಾಡುತ್ತದೆ ಅಂದರು ಡಾಕ್ಟರು. ಸಂಕ್ರಾಂತಿಯೊಳಗೆ ನಲವತ್ತೆರಡು ಕೆಜಿ ಆಗಬೇಕು. ಆಗದಿದ್ದರೆ ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆಯ ಆಸ್ಪತ್ರೆಗೆ ಸೇರಿಸಬೇಕು. ನನಗೆ ಅದಕ್ಕೆ ತುಂಬಾ ಹೆದರಿಕೆ. ಅಲ್ಲಿಗೆ ಹೋಗಿ ಬಂದವಳನ್ನು ಯಾವ ಸ್ಕೂಲು ಮಕ್ಕಳ ಮುಂದೆ ನಿಲ್ಲಿಸುತ್ತದೆ?

ಕಾಗದ ಬರಿ ಅಂದವರು ಸನಾ ಮೇಡಂ. ಶಿಡ್ಲಘಟ್ಟದ ಕಡೆಯವರು, ಇಲ್ಲಿ ಆಸ್ಪತ್ರೆಯಲ್ಲಿ ನನ್ನಂಥವರ ಜೊತೆ ಕೂತು ಮಾತಾಡುವುದು ಅವರ ಕೆಲಸ. ಹೋದ ತಕ್ಷಣ "ಹೇಗಿದ್ದೀರ" ಅಂತ ಕೇಳುವುದಿಲ್ಲ. "ಏನ್ ತಿಂದ್ರಿ? ಯಾರ್ ಜೊತೆ ತಿಂದ್ರಿ?" ಅಂತ ಕೇಳುತ್ತಾರೆ. ನಾನು ಒಂದು ಸಲ ಸಿಟ್ಟು ಮಾಡಿಕೊಂಡು "ತಿಂದ್ರೆ ಮಗು ಬರತ್ತಾ ಮೇಡಂ" ಅಂದೆ. "ಬರಲ್ಲಮ್ಮ. ತಿಂದ್ರೆ ದುಃಖ ಹೋಗತ್ತೆ ಅಂತಾನೂ ನಾನು ಹೇಳಲ್ಲ. ದುಃಖ ಹೊರೋಕೆ ಮೈಯಲ್ಲಿ ಬಲ ಬೇಡ್ವಾ?" ಅಂದರು.

ತಪ್ಪೇನು ಅಂತ ಕೇಳಿದ್ದೀಯ. ಹೇಳುತ್ತೇನೆ, ಪೂರ್ತಿ ಓದು. ನನ್ನನ್ನು ನಡುಮನೆ ಪಕ್ಕದ ಕೋಣೆಗೆ ಹಾಕಿ ನೀನು ಕಿಟಕಿಗೆ ಗೋಣಿಚೀಲ ಕಟ್ಟಿದೆ. ಕಿವಿಗೆ ಹತ್ತಿ ತುರುಕಿದೆ. ಎರಡು ಹೊತ್ತು ಎರಡೆರಡು ಹಿಡಿ ಅನ್ನ, ಮೆಣಸಿನ ಸಾರು. ನೀರು ಅರ್ಧ ಲೋಟ. ಗಂಟಲು ಒಣಗಿ ಕೇಳಿದರೆ ಹೊಟ್ಟೆ ಬರುತ್ತದೆ ಅಂದೆ. ಸೊಪ್ಪು ಕೇಳಿದರೆ ಮಗುವಿಗೆ ಭೇದಿ ಅಂದೆ. ಬಾಳೆಹಣ್ಣು ಕೇಳಿದರೆ ಮಗುವಿಗೆ ಶೀತ ಅಂದೆ. ಮೊಸರಿಗೆ ಮಗುವಿಗೆ ಕೆಮ್ಮು ಅಂದೆ. ಯಾವ ಮಗುವಿಗೆ ಅಮ್ಮ?

ಎದೆಯಲ್ಲಿ ಹಾಲು ಕಟ್ಟಿಕೊಂಡಾಗ ಬತ್ತಲಿ ಅಂತ ಮಲ್ಲಿಗೆ ಹೂ ಸುತ್ತಿ ಬಟ್ಟೆ ಬಿಗಿದವಳೂ ನೀನೇ. ಮಗು ಇಲ್ಲ ಅಂತ ಮಲ್ಲಿಗೆ ಕಟ್ಟಿದೆ, ಮಗು ಇದೆ ಅಂತ ಸೊಪ್ಪು ಕೊಡಲಿಲ್ಲ. ಆ ಕತ್ತಲೆಯಲ್ಲಿ ಕೂತು ನನಗೆ ಯಾವುದು ನಿಜ ಅಂತ ಗೊತ್ತಾಗದೆ ಹೋಯಿತು. ಈಗ ಅನ್ನ ನೋಡಿದರೆ ಮೆಣಸಿನ ಸಾರಿನ ವಾಸನೆ ಬರುತ್ತದೆ, ತಟ್ಟೆ ಸರಿಸಿಬಿಡುತ್ತೇನೆ.

ಬಾವಿಯಲ್ಲಿ ನೀರಿಲ್ಲ ಅನ್ನುವುದು ನನಗೂ ಗೊತ್ತಿತ್ತು. ನಾನು ಗಾಳಿಗೆ ಕೂತಿರಲಿಲ್ಲ.

ನಿನ್ನ ಕೈಯಡುಗೆ ಸದ್ಯಕ್ಕೆ ಕಳಿಸಬೇಡ.

ಪದ್ಮಶ್ರೀ


ಚಿಂತಾಮಣಿ
೪ ನವೆಂಬರ್ ೨೦೨೪

ಪದ್ಮಶ್ರೀ ಅವರಿಗೆ,

ಹೆಸರು ಪೂರ್ತಿ ಬರೆದು ಸಹಿ ಹಾಕಿದ್ದೀಯ, ಅದಕ್ಕೆ ನಾನೂ ಮರ್ಯಾದೆ ಕೊಟ್ಟು ಬರೆಯುತ್ತಿದ್ದೇನೆ. ಅಲ್ಲಾ, ನಾನು ನಿನ್ನನ್ನು ಉಪವಾಸ ಕೆಡವಿದೆ ಅಂತ ಡಾಕ್ಟರ ಮುಂದೆ, ಆ ಮೇಡಂ ಮುಂದೆ ಹೇಳಿಕೊಂಡು ಬಂದೆಯಾ? ನಿಮ್ಮಪ್ಪನಿಗೆ ಕಾಗದ ಓದಿ ಹೇಳುವಾಗ ಬಾವಿಯ ಸಾಲನ್ನು ಬಿಟ್ಟು ಓದಿದೆ. ಅವರು ಕಾಗದ ಇಸಿದುಕೊಂಡು ಕನ್ನಡಕ ಹಾಕಿಕೊಂಡು ತಾವೇ ಓದಿದರು.

ನಾನು ಕಂಡುಹಿಡಿದದ್ದಾ ಈ ಪಥ್ಯ? ನಿಮ್ಮಪ್ಪನ ಸೋದರತ್ತೆ ಮುನಿಗಂಗಮ್ಮ ನನಗೆ ಕಲಿಸಿದರು, ಅವರಿಗೆ ಅವರತ್ತೆ ಕಲಿಸಿದ್ದರು. ನಿಮ್ಮಣ್ಣ ವೇಣುವನ್ನು ಹೆತ್ತಾಗಲೂ ನಾನು ಇದೇ ಅನ್ನ ಉಂಡೆ, ನಿನ್ನನ್ನು ಹೆತ್ತಾಗಲೂ ಇದೇ. ನನಗೇನಾಯಿತು? ಗುಂಡುಕಲ್ಲಿನ ಹಾಗೆ ಎದ್ದು ಬಂದೆ. ನಿನ್ನ ಮೇಡಂಗೆ ಮಕ್ಕಳಿದ್ದಾರಾ ಮೊದಲು ಕೇಳು. ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದಳಂತೆ.

ಇನ್ನು ಬಾಯಿಮಾತು ಬೇಡ. ಬರುವ ಕಾರ್ತೀಕ ಸೋಮವಾರದಿಂದ ಅದೇ ಕೋಣೆಯಲ್ಲಿ ನಾನೇ ಪಥ್ಯಕ್ಕೆ ಕೂರುತ್ತೇನೆ. ಅದೇ ಅನ್ನ, ಅದೇ ಸಾರು, ಅದೇ ಅರ್ಧ ಲೋಟ ನೀರು. ನಲವತ್ತು ದಿನ ಕೂತರೆ ನಿಮ್ಮಪ್ಪನಿಗೆ ಮುದ್ದೆ ತೊಳಸುವವರಿಲ್ಲ, ತನುಜಾಗೆ ಭಾರ ಎತ್ತುವ ಹಾಗಿಲ್ಲ. ಒಂಬತ್ತು ದಿನ ಕೂರುತ್ತೇನೆ. ಏನೂ ಆಗದಿದ್ದರೆ ನೀನೂ ನಿನ್ನ ಸನಾ ಮೇಡಮ್ಮೂ ಇಲ್ಲಿಗೆ ಬಂದು ಎಲೆ ಹಾಕಿಸಿಕೊಂಡು ನನ್ನ ಕೈಯಡುಗೆ ಉಣ್ಣಬೇಕು.

ವೆಂಕಟರತ್ನಮ್ಮ


ಗೌರಿಬಿದನೂರು
೯ ನವೆಂಬರ್ ೨೦೨೪

ಅಮ್ಮ,

ಹಾಗೆ ಮಾಡಬೇಡ. ನಿನಗೆ ಬಿಪಿ ಇದೆ. ನನ್ನನ್ನು ಸೋಲಿಸಲು ಹಸಿದುಕೊಂಡು ಕೂರುವ ಅಗತ್ಯ ಏನಿದೆ? ನಾನು ಸೋತೇ ಕೂತಿದ್ದೇನೆ.

ಇವರು ಕುಡುಮಲಕುಂಟೆಯ ಫ್ಯಾಕ್ಟರಿಯಿಂದ ಊಟದ ಬಿಡುವಿಗೆ ದಿನಾ ಬೈಕಿನಲ್ಲಿ ಮನೆಗೆ ಬರುತ್ತಾರೆ. ಬಂದು ನನ್ನ ಎದುರು ಕೂತು ತಮ್ಮ ಡಬ್ಬಿ ಬಿಚ್ಚುತ್ತಾರೆ. ಒಬ್ಬಳೇ ಉಣ್ಣಲು ಬಿಡಬೇಡಿ ಅಂತ ಸನಾ ಮೇಡಂ ಹೇಳಿದ್ದಾರೆ. ನಿನ್ನೆ ಅರ್ಧ ಲೋಟ ರಾಗಿ ಅಂಬಲಿಗೆ ಮಜ್ಜಿಗೆ ಹಾಕಿ ಕುಡಿದೆ. ವಾಂತಿ ಆಗಲಿಲ್ಲ. ತೂಕ ಮಾತ್ರ ಮೂವತ್ತೊಂಬತ್ತೇ.

ಈ ಕಾಗದ ಸೋಮವಾರದೊಳಗೆ ನಿನಗೆ ಸಿಗುತ್ತದೋ ಇಲ್ಲವೋ. ಕೂತಿದ್ದರೆ ಎದ್ದು ಬಿಡು.

ಪದ್ಮಾ


ಚಿಂತಾಮಣಿ
೨೭ ನವೆಂಬರ್ ೨೦೨೪

ಪದ್ಮಾ,

ನಿನ್ನ ಕಾಗದ ಬರುವ ಹೊತ್ತಿಗೆ ನಾನು ಕೋಣೆ ಸೇರಿ ಎರಡು ದಿನ ಆಗಿತ್ತು. ಎದ್ದು ಬಾ ಅಂದರೆ ಏಳುವ ಹೆಂಗಸೇ ನಾನು? ಹಟದಲ್ಲಿ ಕೂತವಳು ಹಟದಲ್ಲೇ ಮುಗಿಸಿದೆ. ಮುಗಿಸಿ ಎಂಟು ದಿನ ಆಯಿತು. ಬರೆಯಲು ಮುಖ ಇರಲಿಲ್ಲ.

ಮೊದಲ ದಿನ ಬಹಳ ಸುಖವಾಗಿತ್ತು. ಯಾರ ಕಾಟವಿಲ್ಲ, ಕೆಲಸವಿಲ್ಲ. ಮುನಿಗಂಗಮ್ಮತ್ತೆ ಬಾಗಿಲಲ್ಲಿ ಕೂತು "ಅದ್ ಹೆಣ್ಣು ಅಂದ್ರೆ" ಅಂತ ಹೊಗಳಿದರು. ಎರಡನೇ ದಿನವೂ ದಾಟಿತು. ಮೂರನೇ ದಿನ ತನುಜ ಬಿಂದಿಗೆ ಇಳಿಸುವ ಸದ್ದು ಕೇಳಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ನನ್ನ ಮನೆ, ನನ್ನ ಬಿಂದಿಗೆ, ಹೋಗಿ ಕುಡಿದರೆ ಕೇಳುವವರು ಯಾರು? ಆದರೆ ನಿನಗೆ ಹಾಗೆ ಎದ್ದು ಹೋಗುವ ಹಾಗಿರಲಿಲ್ಲ ಅನ್ನುವುದು ಅಲ್ಲಿ ಕೂತಾಗ ತಿಳಿಯಿತು. ಬಾಗಿಲಲ್ಲಿ ನಾನು ಕೂತಿರುತ್ತಿದ್ದೆ.

ಐದನೇ ದಿನ ಅಡುಗೆಮನೆಯಿಂದ ಹುರುಳಿಕಾಳು ಬಸ್ಸಾರಿನ ವಾಸನೆ ಬಂತು. ಅತ್ತುಬಿಟ್ಟೆ ಕಣೇ. ಒಂದು ಬಸ್ಸಾರಿಗೆ ಐವತ್ತೆಂಟು ವರ್ಷದ ಮುದುಕಿ ಅತ್ತೆ. ಆರನೇ ದಿನ ತನುಜ ಬಾಗಿಲು ಜೋರಾಗಿ ಹಾಕಿದಳು ಅಂತ ಬಾಯಿಗೆ ಬಂದಂತೆ ಬೈದೆ. ಅವಳು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು, ಆದರೂ ಬೈದೆ. ಏಳನೇ ದಿನದಿಂದ ನಿದ್ದೆ ಬರಲಿಲ್ಲ. ಕಿವಿಯಲ್ಲಿ ಹತ್ತಿ ಇದ್ದರೆ ನಮ್ಮ ಎದೆ ಹೊಡೆದುಕೊಳ್ಳುವುದೇ ನಮಗೆ ಕೇಳುತ್ತದೆ. ಎಂಟನೇ ದಿನ ನಿಮ್ಮಪ್ಪ ಬಂದು ಹಿಪ್ಪುನೇರಳೆ ಸೊಪ್ಪು ಯಾವ ಕಡೆಯಿಂದ ಕೊಯ್ಯಲಿ ಅಂತ ಕೇಳಿದರು. ಉತ್ತರ ಗೊತ್ತಿತ್ತು, ಬಾಯಿಗೆ ಬರಲಿಲ್ಲ.

ನನಗೆ ಹೆರಿಗೆ ಆಗಿರಲಿಲ್ಲ. ರಕ್ತ ಹೋಗಿರಲಿಲ್ಲ. ಯಾರೂ ಸತ್ತಿರಲಿಲ್ಲ. ಎಂಟು ದಿನಕ್ಕೆ ನನ್ನ ತಲೆ ನನ್ನ ಮಾತು ಕೇಳದೆ ಹೋಯಿತು. ನಿನ್ನನ್ನು ಆ ಸ್ಥಿತಿಯಲ್ಲಿ ನಲವತ್ತು ದಿನ ಇಟ್ಟೆನಲ್ಲ.

ಇನ್ನೊಂದು ಹೇಳಬೇಕು. ನನಗೇನಾಯಿತು, ಗುಂಡುಕಲ್ಲಿನ ಹಾಗೆ ಎದ್ದೆ ಅಂತ ಜಂಬ ಕೊಚ್ಚಿಕೊಂಡಿದ್ದೆ. ಅಲ್ಲಿ ಕೂತಾಗ ನೆನಪಾಯಿತು. ನಿನ್ನನ್ನು ಹೆತ್ತಾಗ ನಮ್ಮಮ್ಮ ದಿನಾ ಮಧ್ಯಾಹ್ನ ಯಾರಿಗೂ ಕಾಣದ ಹಾಗೆ ಸೆರಗಿನಡಿ ಬೇಯಿಸಿದ ಮೊಟ್ಟೆ ತರುತ್ತಿದ್ದಳು. ಒಂದೊಂದು ದಿನ ಬೆಲ್ಲ ಹಾಕಿದ ರಾಗಿಗಂಜಿ, ಒಂದೊಂದು ದಿನ ಕಡಲೆಕಾಯಿ ಉಂಡೆ. "ಬೇಗ ನುಂಗು, ನಿಮ್ಮತ್ತೆ ಬರ್ತಾಳೆ" ಅನ್ನುತ್ತಿದ್ದಳು. ನಾನು ನಿಯಮ ನೆನಪಿಟ್ಟುಕೊಂಡೆ, ಮೊಟ್ಟೆಯನ್ನು ಮರೆತೆ. ಮೂವತ್ತು ವರ್ಷ ಈ ಬೀದಿಯ ಹೆಣ್ಣುಮಕ್ಕಳಿಗೆಲ್ಲ ಅರ್ಧ ಬಾಣಂತನ ಮಾಡಿಕೊಂಡು ಬಂದಿದ್ದೇನೆ. ಅವರಲ್ಲಿ ಎಷ್ಟು ಜನ ಸುಮ್ಮನೆ ಗೋಡೆ ನೋಡುತ್ತಾ ಕೂರುತ್ತಿದ್ದರು ಅನ್ನುವುದು ಈಗ ಒಂದೊಂದಾಗಿ ಕಣ್ಣಿಗೆ ಬರುತ್ತಿದೆ.

ಒಂಬತ್ತನೇ ದಿನ ಬೆಳಿಗ್ಗೆ ಆ ಕತ್ತಲೆಯಲ್ಲಿ ನನಗೆ ಒಂದು ಕಾಣಿಸಿತು. ಅದನ್ನು ಬರೆಯಲಾರೆ. ಎದ್ದು ಕಿಟಕಿಯ ಗೋಣಿಚೀಲ ಕಿತ್ತು ಹೊರಗೆ ಬಂದೆ. ಮುನಿಗಂಗಮ್ಮತ್ತೆ ಜಗಲಿಯಿಂದ "ಏಮೇ, ತೊಮ್ಮಿದಿ ದಿನಾಲಕೇ ಓಡಿಪೋಯಾವಾ?" ಅಂತ ನಕ್ಕರು. ಹೂಂ ಅತ್ತೆ, ಒಂಬತ್ತಕ್ಕೇ ಸೋತೆ ಅಂದೆ.

ತಪ್ಪಾಯಿತು ಪದ್ಮಾ. ಈ ಮಾತನ್ನು ಕಾಲು ಹಿಡಿದು ಹೇಳಬೇಕು, ಮಗಳ ಕಾಲು ಹಿಡಿಯಬಾರದು ಅನ್ನುತ್ತಾರೆ. ಏನು ಕಳಿಸಲಿ ಹೇಳು. ನೀನು ಹೇಳದೆ ಏನೂ ಕಳಿಸುವುದಿಲ್ಲ.

ಅಮ್ಮ


ಗೌರಿಬಿದನೂರು
೧೨ ಡಿಸೆಂಬರ್ ೨೦೨೪

ಅಮ್ಮ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಇವರು ಓದಿ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಸಿಟ್ಟು ಹೋಯಿತಾ ಅಂತ ನನಗೇ ಗೊತ್ತಿಲ್ಲ. ಸ್ವಲ್ಪ ಇದೆ. ಇರುವುದನ್ನು ಇಲ್ಲ ಅಂತ ಹೇಳಬೇಡಿ ಅಂದಿದ್ದಾರೆ ಸನಾ ಮೇಡಂ.

ಮೊದಲು ತನುಜ ಅತ್ತಿಗೆ ವಿಷಯ. ಅವಳನ್ನು ಆ ಕೋಣೆಗೆ ಹಾಕಬೇಡ. ಮೇಡಂ ನನಗೆ ಬರೆದುಕೊಟ್ಟಿದ್ದನ್ನು ಅವಳಿಗಾಗಿ ಬೇರೆ ಹಾಳೆಯಲ್ಲಿ ಕಾಪಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಹೆರಿಗೆಯಾದ ಮೇಲೆ ಅವಳ ಡಾಕ್ಟರಿಗೂ ಒಂದು ಸಲ ತೋರಿಸು. ಅದರಲ್ಲಿ ಅಂಗಡಿಯಿಂದ ತರುವಂಥದ್ದು ಏನೂ ಇಲ್ಲ. ನುಗ್ಗೆಸೊಪ್ಪು, ಮೊಳಕೆ ಹೆಸರುಕಾಳು, ಮೊಟ್ಟೆ, ರಾಗಿ, ಮೊಸರು, ಸೀಬೆಹಣ್ಣು, ಹುರಿಗಡಲೆ. ಬಾಯಾರಿದಾಗೆಲ್ಲ ನೀರು, ಕೇಳುವ ಮೊದಲೇ ನೀರು. ಕಿಟಕಿ ತೆಗೆದಿಡಬೇಕು. ಯಾರಾದರೂ ಪಕ್ಕದಲ್ಲಿ ಕೂತು ಉಣ್ಣಬೇಕು. ಕೊನೆಯ ಎರಡನ್ನು ಮೇಡಂ ನನಗೆ ಊಟದ ಪಟ್ಟಿಯಲ್ಲೇ ಬರೆದುಕೊಟ್ಟರು.

ನನ್ನ ತೂಕ ನಲವತ್ತು. ಒಂದು ಕೆಜಿಗೆ ಎರಡು ತಿಂಗಳು ಹಿಡಿಯಿತು. ಈಗ ಬೆಳಿಗ್ಗೆ ಒಂದು ಮೊಟ್ಟೆ ಹೋಗುತ್ತದೆ. ಅಂಬಲಿ ಹೋಗುತ್ತದೆ. ಮಧ್ಯಾಹ್ನ ತಟ್ಟೆಯಲ್ಲಿ ಅರ್ಧ ಆದ ಮೇಲೆ ಕೈ ನಿಂತುಬಿಡುತ್ತದೆ. ದಿನಾ ಅದೇ ಜಾಗದಲ್ಲಿ. ಯಾಕೆ ಅಂತ ಮೇಡಂ ಕೇಳಿದರು. ಮೊದಲು ಗೊತ್ತಿಲ್ಲ ಅಂದೆ. ಹೋದ ವಾರ ಹೇಳಿದೆ. ಹೊಟ್ಟೆಗೆ ಸ್ವಲ್ಪ ಬಿದ್ದು ಕಣ್ಣು ಬೆಚ್ಚಗಾದ ಕೂಡಲೇ ನನ್ನ ಮುಂದೆ ಒಂದು ಮಗು ಬರುತ್ತದೆ, ಅದಕ್ಕೆ ಮುಖ ಇಲ್ಲ. ಬಟ್ಟೆ ಸುತ್ತಿದೆ, ಒಳಗೆ ಮುಖ ಇಲ್ಲ.

ಅಮ್ಮ, ಒಂಬತ್ತನೇ ದಿನ ನಿನಗೆ ಕಾಣಿಸಿದ್ದು ಏನು ಅಂತ ನನಗೆ ಗೊತ್ತು. ಹೆರಿಗೆಯ ದಿನ ಇವರು ರಕ್ತ ತರಲು ಚಿಕ್ಕಬಳ್ಳಾಪುರಕ್ಕೆ ಓಡಿದ್ದರು. ನನಗೆ ಎಚ್ಚರ ಇರಲಿಲ್ಲ. ಅಪ್ಪ ಗಂಡಸರ ಕಡೆ ನಿಂತಿದ್ದರು. ಅವಳನ್ನು ಕೈಯಲ್ಲಿ ಇಸಿದುಕೊಂಡವಳು ನೀನೊಬ್ಬಳೇ. ಹೆಣ್ಣು ಅನ್ನುವುದು ಡಿಸ್ಚಾರ್ಜ್ ಚೀಟಿಯಲ್ಲಿದೆ, ತೂಕ ಒಂದು ಕೆಜಿ ಎಂಟುನೂರು ಅಂತ ಇದೆ. ಅಷ್ಟೇ ಇದೆ.

ಹೇಳದಿದ್ದರೆ ಉಣ್ಣುವುದಿಲ್ಲ ಅಂತ ಹಟ ಹಿಡಿದು ಬರೆಯುತ್ತಿಲ್ಲ. ಉಣ್ಣಲು ಆಗುತ್ತಿಲ್ಲ. ಅವಳು ಹೇಗಿದ್ದಳು?

ಪದ್ಮಾ


ಚಿಂತಾಮಣಿ
೩೦ ಡಿಸೆಂಬರ್ ೨೦೨೪

ಪದ್ಮಾ,

ಕಷ್ಟದ್ದನ್ನು ಮೊದಲು ಹೇಳುತ್ತೇನೆ. ತನುಜಾಗೆ ಇಪ್ಪತ್ತೆರಡನೇ ತಾರೀಖು ಹೆರಿಗೆ ಆಯಿತು. ಹೆಣ್ಣುಮಗು, ತಾಯಿ ಮಗು ಚೆನ್ನಾಗಿದ್ದಾರೆ. ಎಂಟು ದಿನ ನಿನಗೆ ತಿಳಿಸಬೇಡಿ ಅಂತ ಅಳಿಯಂದಿರ ಬಾಯಿ ಕಟ್ಟಿದ್ದೆ. ನಿನಗೆ ಸಂಕಟವಾಗುತ್ತದೆ ಅಂತ. ಮುಚ್ಚಿಟ್ಟು ಮುಚ್ಚಿಟ್ಟೇ ಇಷ್ಟು ದೂರ ಬಂದಿದ್ದೇವೆ, ಇನ್ನು ಸಾಕು.

ನಿನ್ನ ಹಾಳೆಯನ್ನು ಅವಳ ಡಾಕ್ಟರಿಗೆ ತೋರಿಸಿದೆ. ಎಲ್ಲಾ ಕೊಡಿ ಅಂದರು. ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಮೂರನೇ ದಿನ ನುಗ್ಗೆಸೊಪ್ಪು, ತೊಗರಿಬೇಳೆ ಹಾಕಿ ಸಾರು ಮಾಡಿ ಮುದ್ದೆ ಇಟ್ಟೆ. ಮುನಿಗಂಗಮ್ಮತ್ತೆ ಕೋಲು ಊರಿಕೊಂಡು ಬಂದು "ಮಗೂಗ್ ಭೇದಿ ಆದ್ರೆ ನೀನೇ ಜವಾಬ್ದಾರಿ ಕಣೇ ರತ್ನಾ" ಅಂತ ಬೀದಿಗೆ ಕೇಳುವ ಹಾಗೆ ಕೂಗಾಡಿದರು. ಆಗ್ಲಿ ಅತ್ತೆ, ನಾನೇ ತೊಳೀತೀನಿ ಅಂದೆ. ಆಗಲಿಲ್ಲ. ಕೂಸು ಚೀಪುತ್ತದೆ, ಮಲಗುತ್ತದೆ, ಒದ್ದೆ ಮಾಡಿಕೊಂಡು ಕಿರುಚುತ್ತದೆ. ತನುಜ ಉಣ್ಣುವಾಗ ನಾನು ಪಕ್ಕದಲ್ಲಿ ಕೂತು ಉಣ್ಣುತ್ತೇನೆ. ಒಂದೊಂದು ತುತ್ತು ಎತ್ತುವಾಗಲೂ ನಿನ್ನ ನೆನಪಾಗುತ್ತದೆ.

ಇನ್ನು ನೀನು ಕೇಳಿದ್ದು. ಸತ್ತ ಕೂಸಿನ ಮುಖ ಹೇಗಿತ್ತು ಅಂತ ತಾಯಿಗೆ ಹೇಳಿದರೆ ಅದು ಅವಳ ಗರ್ಭಕ್ಕೆ ಅಂಟಿಕೊಂಡು ಮುಂದಿನದನ್ನು ನಿಲ್ಲಲು ಬಿಡುವುದಿಲ್ಲ ಅಂತ ನಮ್ಮ ಕಡೆ ಹೇಳುತ್ತಾರೆ. ಅದಕ್ಕೇ ಹೇಳಲಿಲ್ಲ. ನರ್ಸಮ್ಮ ಎರಡು ಸಲ ಕೇಳಿದರು, "ತಾಯಿಗೆ ಎಚ್ಚರ ಆದ್ಮೇಲೆ ತೋರಿಸ್ಲಾ?" ಅಂತ. ಎರಡು ಸಲವೂ ಬೇಡ ಅಂದವಳು ನಾನು. ಬೇರೆ ಯಾರೂ ಅಲ್ಲ. ಇವತ್ತೂ ಬರೆಯಲು ಹೆದರಿಕೆಯೇ. ಆದರೆ ಮುಂದಿನದನ್ನು ಕಾಯಲು ಹೋಗಿ ಇರುವ ನಿನ್ನನ್ನು ಕಳೆದುಕೊಳ್ಳಲಾರೆ.

ತಲೆತುಂಬ ಕೂದಲು ಇತ್ತು. ಒದ್ದೆಯಾಗಿ ಹಣೆಗೆ ಅಂಟಿಕೊಂಡಿತ್ತು. ಬಣ್ಣ ಅಳಿಯಂದಿರದ್ದು. ಮೂಗು ಇನ್ನೂ ಸರಿಯಾಗಿ ಎದ್ದಿರಲಿಲ್ಲ, ಆದರೆ ಗಲ್ಲದಲ್ಲಿ ಗುಳಿ ಇತ್ತು, ನಿನಗಿರುವ ಹಾಗೇ, ಎಡಗಡೆಗೆ. ಹುಬ್ಬು ಬಂದಿರಲಿಲ್ಲ, ಬರೀ ಗೆರೆ. ಕಣ್ಣು ಮುಚ್ಚಿತ್ತು, ನೋವು ತಿಂದ ಮುಖ ಅಲ್ಲ. ನಿದ್ದೆಯಲ್ಲಿ ಯಾರ ಮೇಲೋ ಮುನಿಸಿಕೊಂಡ ಹಾಗೆ ಕೆಳತುಟಿ ಮುಂದೆ ಇತ್ತು. ಚಿಕ್ಕವಳಿದ್ದಾಗ ನೀನು ಹಾಗೇ ಮಾಡುತ್ತಿದ್ದೆ. ಉಗುರು ಎಲ್ಲಾ ಬಂದಿತ್ತು. ಬೆರಳು ಎಣಿಸಿದೆ, ಹತ್ತೂ ಇತ್ತು.

ಹಿಪ್ಪುನೇರಳೆ ತೋಟದ ಬದುವಿನಲ್ಲಿ ನಿಮ್ಮಪ್ಪ ಗುಂಡಿ ತೋಡುತ್ತಿದ್ದರು. ನಾನು ಪಂಪುಸೆಟ್ಟಿನ ಮನೆ ಪಕ್ಕ ಮೂರು ಕಲ್ಲು ಹೂಡಿ ನೀರು ಕಾಯಿಸಿದೆ. ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಮಲಗಿಸಿಕೊಂಡು ನೀರು ಹಾಕಿದೆ. ಈ ಬೀದಿಯ ಎಲ್ಲ ಕೂಸುಗಳಿಗೂ ಹಾಕಿದ ಹಾಗೇ. ಮೊದಲು ಕೈಹಾಕಿ ಬಿಸಿ ನೋಡಿದೆ. ನನ್ನ ಹಳೇ ಸೀರೆಯ ಮೆತ್ತನೆ ತುಂಡಿನಲ್ಲಿ ಸುತ್ತಿ ಕೊಟ್ಟೆ. ಮನೆಗೆ ಬಂದು, ಅವಳಿಗೆ ಮಾಡಬೇಕು ಅಂತ ಎಂಟು ತಿಂಗಳಿಂದ ಕಾದಿದ್ದನ್ನೆಲ್ಲ ನಿನಗೆ ಮಾಡಿದೆ. ಹೊಗೆ, ಪಥ್ಯ, ಕತ್ತಲೆ. ನಿಲ್ಲಿಸಿದ್ದರೆ ಅವಳಿಲ್ಲ ಅಂತ ಒಪ್ಪಿಕೊಳ್ಳಬೇಕಾಗಿತ್ತು. ನಾನು ಒಪ್ಪಿಕೊಳ್ಳಲು ಆಗದೆ ನಿನ್ನನ್ನು ಒಣಗಿಸಿದೆ.

ಇಷ್ಟೇ ನನಗೆ ಗೊತ್ತಿರುವುದು. ಮರೆಮಾಡಿದ್ದು ಇನ್ನೇನೂ ಇಲ್ಲ.

ಅಮ್ಮ


ಗೌರಿಬಿದನೂರು
೧೩ ಜನವರಿ ೨೦೨೫

ಅಮ್ಮ,

ನಿನ್ನ ಕಾಗದ ಮೂರನೇ ತಾರೀಖು ಬಂತು. ಎರಡು ದಿನ ಅತ್ತೆ. ಇವರು ರಜೆ ಹಾಕಿ ಮನೆಯಲ್ಲೇ ಉಳಿದರು. ಇವರೂ ಅತ್ತರು, ಇಲ್ಲಿಯವರೆಗೆ ನನ್ನ ಮುಂದೆ ಅತ್ತಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಎದ್ದಾಗ ಹೊಟ್ಟೆಯಲ್ಲಿ ಏನೋ ಸಂಕಟ. ಮತ್ತೆ ಹೊಟ್ಟೆ ಕೆಟ್ಟಿತು ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು, ಅದು ಹಸಿವು. ಐದು ತಿಂಗಳಾಗಿತ್ತು, ಗುರುತು ಸಿಗಲಿಲ್ಲ. ಬೀದಿಯಲ್ಲಿ ಸೊಗಡವರೆ ಮಾರುತ್ತಿದ್ದರು. ತಂದು, ಸುಲಿದು, ಕಾಳಿನ ಉಪ್ಪಿಟ್ಟು ಮಾಡಿ ತಟ್ಟೆ ಪೂರ್ತಿ ತಿಂದೆ. ಅವಳು ಎದುರಿಗೆ ಬಂದಳು. ಗಲ್ಲದ ಗುಳಿ ಇತ್ತು. ಅಳುತ್ತಲೇ ತಿಂದೆ.

ಇದನ್ನು ಓದಿ ಎಲ್ಲಾ ಸರಿಹೋಯಿತು ಅಂತ ದೇವರಿಗೆ ತೆಂಗಿನಕಾಯಿ ಒಡೆಸಬೇಡ. ಮಾರನೇ ದಿನ ಮತ್ತೆ ಅರ್ಧ ತಟ್ಟೆಗೇ ನಿಂತಿತು. ಅದರ ಮಾರನೇ ದಿನ ಮುಕ್ಕಾಲು. ತನುಜ ಅತ್ತಿಗೆಯ ಮಗುವಿನ ಫೋಟೋ ಇವರ ಮೊಬೈಲಿನಲ್ಲಿ ಇದೆ, ನಾನಿನ್ನೂ ನೋಡಿಲ್ಲ. ನೋಡುತ್ತೇನೆ, ಈಗಲ್ಲ. ಇವತ್ತು ತೂಕ ಹಾಕಿದರು, ನಲವತ್ತು ಕೆಜಿ ಎಂಟುನೂರು. ನಲವತ್ತೆರಡು ಆಗಲಿಲ್ಲ. ಡಾಕ್ಟರು ಇನ್ನೂ ಹದಿನೈದು ದಿನ ನೋಡೋಣ ಅಂದರು. ನಾನೇ ಬೇಡ ಅಂದೆ. ಹೋದ ಗುರುವಾರ ಮನೆಯ ಮಹಡಿಯ ಅಂಚಿನಲ್ಲಿ ನಿಂತಾಗ ಅವತ್ತಿನ ಬಾವಿಯ ಹತ್ತಿರ ಇದ್ದ ಹಾಗೇ ಅನ್ನಿಸಿತು. ಕೆಳಗೆ ಬಂದು ಸನಾ ಮೇಡಂಗೆ ಫೋನ್ ಮಾಡಿ ಹೇಳಿದೆ. ಮನೆಯಲ್ಲೇ ಇದ್ದು ಆಗುವುದಿಲ್ಲ, ಸೇರಿಸಿ ಅಂತ ನಾನೇ ಕೇಳಿಕೊಂಡೆ. ಹೆದರಿಕೆ ಇದೆ. ಸ್ಕೂಲಿನ ವಿಷಯ ಆಮೇಲೆ.

ಬರುವ ಸೋಮವಾರ, ಇಪ್ಪತ್ತನೇ ತಾರೀಖು, ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕು. ಮೂರು ವಾರ ಆಗಬಹುದು, ಹೆಚ್ಚೂ ಆಗಬಹುದು. ಜೊತೆಗೆ ಮನೆಯ ಹೆಂಗಸರು ಒಬ್ಬರು ಇರಲೇಬೇಕಂತೆ. ಫಾರಮ್ಮಿನಲ್ಲಿ ಅವರ ಹೆಸರು ಬರೆಯಲು ಜಾಗ ಇತ್ತು. ಇವರು ತಮ್ಮ ಅಕ್ಕನನ್ನು ಕರೆಸುತ್ತೇನೆ ಅಂದರು. ನಾನು ಪೆನ್ನು ಇಸಿದುಕೊಂಡು ನಿನ್ನನ್ನು ಕೇಳದೆಯೇ ನಿನ್ನ ಹೆಸರು ಬರೆದೆ. ಅತ್ತಿಗೆಗೆ ಇನ್ನೂ ನಲವತ್ತು ದಿನ ತುಂಬಿಲ್ಲ ಅಂತ ಗೊತ್ತು. ವೇಣು ಅಣ್ಣ ಇದ್ದಾನೆ, ಅಪ್ಪ ಇದ್ದಾರೆ, ಬೇಳೆ ಬೇಯಿಸಲಿ.

ಆ ವಾರ್ಡಿನಲ್ಲಿ ಜೊತೆಗಿರುವವರೂ ರೋಗಿಯ ಪಕ್ಕದಲ್ಲೇ ಕೂತು ಅದೇ ಊಟ ಮಾಡಬೇಕು ಅಂತ ಸನಾ ಮೇಡಂ ಹೇಳಿದರು. ನಾನು ಬಹಳ ನಿಧಾನ ಅಮ್ಮ. ಒಂದು ತಟ್ಟೆಗೆ ಒಂದು ಗಂಟೆ ಬೇಕಾಗುತ್ತದೆ. ನಿನ್ನದು ಬೇಗ ಮುಗಿದರೂ ಎದ್ದು ಹೋಗಬೇಡ.

ನಿನ್ನ
ಪದ್ಮಾ